ಮಾರಿತ್‌ಗೆ ಹೇಳಿದ ಮಾತು

ಮಗ್ಗ ನಿಂತವು, ಒಂದಾದ ಮೇಲೊಂದು, ಕಡೆಯದು ಎರಡು ಸಲ ಕೆಮ್ಮಿದಂತೆ ಮಾಡಿ ತಾನೂ ನಿಂತಿತು, ಆ ಮೌನವೇ ಶೇವಂತಿಯ ಕಿವಿಗೆ ಬಡಿದಂತಾಯಿತು — ಬನಹಟ್ಟಿಯ ಈ ಮನೆಯಲ್ಲಿ ಹಾಡಹಗಲು ಇಷ್ಟು ಮೌನ ಕೇಳಿದ್ದು ಕರೆಂಟ್ ಹೋದಾಗ, ಅಜ್ಜ ಹೋದಾಗ, ಈಗ ಮೂರನೆಯದು ಅವಳ ಪರೀಕ್ಷೆಗೆ, ಅಪ್ಪ ಅಂದಾನೆಪ್ಪ ತಾನೇ ಎದ್ದು ನಾಲ್ಕೂ ಮಗ್ಗ ಬಂದ್ ಮಾಡಿ ಬಾಗಿಲಲ್ಲಿ ನಿಂತು, ಸಾಕೇನವಾ, ಇಲ್ಲಾ ಫ್ಯಾನೂ ಆರಿಸಲೇನು, ಅನ್ನುತ್ತಾನೆ, ಸಾಕಪ್ಪಾ, ಸಾಕು, ಇಷ್ಟೆಲ್ಲ ಮಾಡಬ್ಯಾಡ್ರಿ ನನ್ನ ಸಲುವಾಗಿ, ಎಂದು ಬಾಯಿಗೆ ಬಂದದ್ದನ್ನು ನುಂಗಿ ಅವಳು ಮಡಚಿಟ್ಟ ಸೀರೆಗಳ ಗುಡ್ಡೆಯ ಮೇಲೆ ಲ್ಯಾಪ್‌ಟಾಪ್ ಸರಿಪಡಿಸುತ್ತಾಳೆ, ಹಿಂದೆ ಚಾಪೆಯ ಮೇಲೆ ಆಯಿ ಕೂತಿದ್ದಾಳೆ, ಅಪ್ಪನ ತಾಯಿ ಭಾಗವ್ವ, ಕಣ್ಣಿಗೆ ಪೊರೆ ಬಂದು ಮನುಷ್ಯರೆಲ್ಲ ನೆರಳಾಗಿ ಹೋದ ಆಯಿ, ಹೊತ್ತು ಇಳಿದಿದ್ದರೂ ಇನ್ನೂ ಉಂಡಿಲ್ಲ, ನಿನ್ನ ಪರೀಕ್ಷಾ ಮುಗೀಲಿ, ಪೂಜಿ ಮಾಡು, ನಿನ್ನ ಕೈಯಾಗಿನ ತೀರ್ಥ ತಗೊಂಡನ ಉಣ್ಣಾಕಿ ನಾನು — ಮೊಮ್ಮಗಳು ಪರದೇಶದಿಂದ ಬಂದ ದಿನದಿಂದ ಇದೇ ಮಾತು, ದಿನಾ ಇದೇ, ಮತ್ತು ಶೇವಂತಿಯ ಕೈ ಕೊರಳಿಗೆ ಹೋಗುತ್ತದೆ, ಬೆಳ್ಳಿಯ ಕರಡಿಗೆ ತಣ್ಣಗಿದೆ, ಒಳಗಿರುವುದು ಲಿಂಗವಲ್ಲ, ಅಡಿಕೆ.

ಅಡಿಕೆ, ಅಡುಗೆಮನೆಯ ಡಬ್ಬಿಯಿಂದ ಕದ್ದದ್ದು, ಆರಿಸಿ ಆರಿಸಿ ಅಂಗೈಗೆ ಸರಿಹೊಂದುವಂಥದ್ದು — ಲಿಂಗ ಎಲ್ಲಿದೆ ಅಂದರೆ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ, ಅವಳು ಓದುವ ಊರಿನ ಬಾಡಿಗೆ ಮನೆಯ ಅಡುಗೆಕಟ್ಟೆಯ ಖಾನೆಯಲ್ಲಿ, ಚೀಸು ಹೆರೆಯುವ ಕೈಯಗಲದ ಅಲಗಿನ ಪಕ್ಕದಲ್ಲಿ, ಹುಟ್ಟಿದಾಗ ಆಯಿ ಮಠಕ್ಕೆ ಎತ್ತಿಕೊಂಡು ಹೋಗಿ ಸ್ವಾಮಿಗಳ ಕೈಯಿಂದ ಕಟ್ಟಿಸಿದ ಲಿಂಗ. ಬೆಳ್ಳಿ ಬ್ಯಾಡವಾ ಆ ದೇಶಕ್ಕ, ಅರಿವಿ ಒಳಗ ಕಟ್ಟಿಕೊಂಡು ಹೋಗು, ಕರಡಿಗಿ ನನ್ನ ಹತ್ರ ಇರಲಿ, ಎಂದು ಆಯಿಯೇ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು, ಆ ಚಳಿಯಲ್ಲಿ ಸ್ನಾನದ ಮೇಲೆ ಶಿವದಾರ ಒಣಗುತ್ತಲೇ ಇರಲಿಲ್ಲ, ಉಣ್ಣೆಯ ಅಂಗಿಯ ಕೆಳಗೆ ತಣ್ಣಗೆ ಅಂಟುತ್ತಿತ್ತು, ಒಂದು ಬೆಳಿಗ್ಗೆ ಲಿಂಗದ ಸಮೇತ ಬಿಚ್ಚಿ ಹೀಟರಿನ ಮೇಲೆ ಹರವಿದಳು, ಬಸ್ಸು ಬಂತು, ಓಡಿದಳು, ಸಂಜೆ ಬಂದರೆ ಹೀಟರು ಖಾಲಿ, ಜೊತೆಗಿದ್ದ ಸಿಲ್ಯೆ ಅದನ್ನು ಅಚ್ಚುಕಟ್ಟಾಗಿ ಖಾನೆಯಲ್ಲಿ ಇಟ್ಟಿದ್ದಳು, ಇದೇನು ಎಂದು ಕೇಳಲಿಲ್ಲ, ಅಲ್ಲಿ ಕೇಳುವುದಿಲ್ಲ, ದೇವರು ಅವರವರ ಒಳಗಿನ ಸಂಗತಿ, ಕೇಳಿದರೆ ಮರ್ಯಾದೆ ಅಲ್ಲ, ಬನಹಟ್ಟಿಯಲ್ಲಾದರೆ ಓಣಿಗೆ ಓಣಿಯೇ ಕೇಳುತ್ತಿತ್ತು, ಏನಬೇ ಕೊರಳಾಗ ಏನೂ ಕಾಣವಲ್ದು, ಬೈಯುತ್ತಿತ್ತು, ಉಳಿಸುತ್ತಿತ್ತು — ಇಲ್ಲ, ಅವರ ಮೇಲೆ ಹಾಕಬೇಡ, ಸಿಲ್ಯೆಯದು ಏನು ತಪ್ಪು, ನಾಳೆ ಕಟ್ಟಿಕೊಳ್ಳುತ್ತೇನೆ ಅಂದವಳು ನೀನು, ದಿನಾ ಬೆಳಿಗ್ಗೆ ಚೀಸು ಹೆರೆಯಲು ಅದೇ ಖಾನೆ ಎಳೆದವಳು, ಬಿಳಿ ಬಟ್ಟೆ ಕಂಡು ಮತ್ತೆ ಮುಚ್ಚಿದವಳು, ಆಮೇಲೆ ಕಾಣದೇ ಮುಚ್ಚಿದವಳು. ಊರಿಗೆ ಬರುವಾಗ ಆಯಿಗೆ ಉಣ್ಣೆಯ ಕಾಲುಚೀಲ, ಅಪ್ಪನಿಗೆ ಬೆಲ್ಲದ ಬಣ್ಣದ ಚೀಸು, ಎಲ್ಲಾ ನೆನಪಿತ್ತು, ಮುಂಬಯಿಯಲ್ಲಿ ಇಳಿದು ಸೆಕೆಗೆ ಕೊರಳು ಒರೆಸಿಕೊಂಡಾಗ ಬರೀ ಕೊರಳು ಸಿಕ್ಕಿತು. ಮನೆಗೆ ಬಂದೊಡನೆ ಆಯಿ ಖಾಲಿ ಕರಡಿಗೆ ಕೈಗಿತ್ತಳು, ಇನ್ನ ಇದರಾಗ ಇಟ್ಕೋವಾ, ಎಂದು. ಸಿಲ್ಯೆಗೆ ಬರೆದರೆ ಕಳಿಸುತ್ತಾಳೆ, ಬರೆದಿಲ್ಲ, ಲಿಂಗ ಪೋಸ್ಟಿನಲ್ಲಿ ಬರುತ್ತದೆಯೇ, ಅಂಚೆಯವನು ಬಂದು, ಪಾರ್ಸಲ್ ಐತ್ರಿ, ಅನ್ನುತ್ತಾನೆಯೇ.

ಹೇ, ಶೆವಾಂತಿ — ಪರದೆಯ ಮೇಲೆ ಮಾರಿತ್, ಕೆಂಪು ಕನ್ನಡಕ, ಕೈಯಲ್ಲಿ ಕಾಫಿ, ನಾರ್ವೇಜಿಯನ್ ಕಲಿಸುವವಳು, ಇವತ್ತಿನ ಮಾತಿನ ಪರೀಕ್ಷೆ ತೆಗೆದುಕೊಳ್ಳುವವಳೂ ಅವಳೇ, ಮೇಡಂ ಅಲ್ಲ, ಬರೀ ಮಾರಿತ್, ಅಲ್ಲಿ ಯಾರಿಗೂ ರೀ ಹಚ್ಚುವುದಿಲ್ಲ, ಮೊದಮೊದಲು ಹೆಸರು ಹಿಡಿದು ಕರೆಯಲು ನಾಲಿಗೆ ಏಳುತ್ತಿರಲಿಲ್ಲ, ಉಳಿದದ್ದೆಲ್ಲ ಸಲೀಸಾಗಿ ಬಂತು, ಏಕೆಂದರೆ ಕಲಿತದ್ದು ಆಯಿಯ ದಾರಿಯಲ್ಲಿ, ಆಯಿ ಮುಂಜಾನೆ ಪದ್ಯ ಹೇಳುತ್ತಿದ್ದಳು, ಅರ್ಥ ಹಿಂದಾಗಡೆ ಬರ್ತೈತಿ, ಮೊದಲ ದನಿ ಹಿಡಿ, ಎಲ್ಲಿ ಏರ್ತೈತಿ ಎಲ್ಲಿ ಇಳೀತೈತಿ ಕೇಳು, ಹಾಗೆಯೇ ಅವಳು ಟ್ರಾಂಡ್‌ಹೈಮ್‌ನ ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಹೋದಳು, ಆ ಮಾತೂ ಏರುತ್ತದೆ ಇಳಿಯುತ್ತದೆ, ಉಂಡೆದ್ದು ತಾಕ್ ಫೋರ್ ಮಾತೆನ್ ಎಂದು ಊಟಕ್ಕೆ ಉಪಕಾರ ಹೇಳುವುದೂ ರಾಗದಲ್ಲೇ, ಈ ಕಿವಿ ಎಲ್ಲಿಂದ ತಂದೆ ಎಂದು ಮಾರಿತ್ ತರಗತಿಯಲ್ಲಿ ಕೇಳಿದ್ದಳು, ನನ್ನ ಆಯಿಯದು ಅಂದಿದ್ದಳು, ಕಿವಿ ಆಯಿಯದು, ಕೊಟ್ಟದ್ದರಲ್ಲಿ ಅದನ್ನೊಂದು ಇಟ್ಟುಕೊಂಡೆ. ಈಗ ಮಾರಿತ್ ಕೇಳುತ್ತಾಳೆ, ನಿಮ್ಮ ಮನೆಯ ಊಟದ ಬಗ್ಗೆ ಹೇಳು, ಶೇವಂತಿ ರೊಟ್ಟಿ ಬಡಿಯುವುದನ್ನು ಬಾಯಿಪಾಠ ಮಾಡಿಕೊಂಡಿದ್ದಾಳೆ, ಜೋಳ, ಬಿಸಿನೀರು, ಎಣ್ಣೆಗಾಯಿ, ಎಲ್ಲಾ ಸರಾಗ, ಛಂದ, ಅನ್ನುತ್ತಾಳೆ ಮಾರಿತ್, ಊಟಕ್ಕೆ ಮೊದಲು ಏನಾದರೂ ಮಾಡುವ ಪದ್ಧತಿ ಇದೆಯೇ, ಇದೆ, ಮನೆಯವರೆಲ್ಲ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಾರೆ, ಅದಿಲ್ಲದೆ ನೀರೂ ಮುಟ್ಟುವುದಿಲ್ಲ, ನೀನೂ ಮಾಡುತ್ತೀಯಾ —

ಹೌದು ಅನ್ನಬೇಕಿತ್ತು, ಒಂದೇ ಅಕ್ಷರ, ಯಾ, ಮುಗಿಯುತ್ತಿತ್ತು, ಆದರೆ ಮಾರಿತ್ ಸುಮ್ಮನೆ ಕಾಯುತ್ತಾಳೆ, ಅಲ್ಲಿಯವರ ಆ ಕಾಯುವಿಕೆ, ನಡುವೆ ಬಾಯಿ ಹಾಕದ, ತುಂಬಿಸಿಕೊಡದ ಕಾಯುವಿಕೆ, ಮಗ್ಗಗಳೂ ನಿಂತಿವೆ, ಮತ್ತು ಅವಳು ಹೇಳತೊಡಗುತ್ತಾಳೆ, ಹೀಟರು, ಖಾನೆ, ಮುಂಬಯಿ, ಅಡಿಕೆ, ಆ ಭಾಷೆಯಲ್ಲಿ ಈ ಶಬ್ದಗಳಿಗೆ ತೂಕವೇ ಇಲ್ಲ, ಹತ್ತಿಯಂತೆ ಬರುತ್ತವೆ, ಆ ಭಾಷೆಯಲ್ಲಿ ಯಾರೂ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿಲ್ಲ, ಅಡಿಕೆಯ ಮೇಲೆ ನೀರು ಹಾಕುತ್ತೇನೆ, ಅದನ್ನೇ ತೀರ್ಥ ಅಂತ ಆಯಿಗೆ ಕೊಡುತ್ತೇನೆ, ಆಕೆ ಕಣ್ಣಿಗೊತ್ತಿಕೊಂಡು ಕುಡಿಯುತ್ತಾಳೆ, ಪರದೇಶದಾಗೂ ನನ್ನ ಮೊಮ್ಮಗಳು ಪೂಜಿ ಬಿಟ್ಟಿಲ್ಲ ಅಂತ ಓಣಿಗೆಲ್ಲ ಹೇಳುತ್ತಾಳೆ — ಮೊನ್ನೆ ಎದುರುಮನೆಯ ಗಿರಮಲ್ಲಪ್ಪ ಕಾಕಾ ಕಟ್ಟೆಗೆ ಬಂದು, ಏನಬೇ ಭಾಗವ್ವ, ಆ ದೇಶದಾಗ ಥಂಡಿ ದಿನ ಬಂದ್ರ ಬರೇ ಕತ್ತಲೀನ ಅಂತಲ್ಲ, ನಿನ್ನ ಮೊಮ್ಮಗಳು ಪೂಜಿ ಯಾವಾಗ ಮಾಡ್ತಾಳ, ಹೊತ್ತು ಹುಟ್ಟೂತನಾ ಉಪಾಸೇನು, ಎಂದು ನಗಾಡಿದಾಗ ಆಯಿ, ಲಿಂಗ ಅಂಗೈಯಾಗ ಇದ್ದಾಕಿಗೆ ಕತ್ತಲಿ ಎಲ್ಲೀದಲೇ, ಅಂದಳು, ಶೇವಂತಿ ಎದ್ದು ಒಳಗೆ ಹೋದಳು. ಮಾರಿತ್ ಕಾಫಿ ಕೆಳಗಿಟ್ಟಿದ್ದಾಳೆ. ನಿನ್ನ ಅಜ್ಜಿಗೆ ಗೊತ್ತಾ, ಇಲ್ಲ, ಅವರು ಎಲ್ಲಿದ್ದಾರೆ, ಇಲ್ಲೇ, ನನ್ನ ಹಿಂದೆ. ಮಾರಿತ್ ಕತ್ತು ಬಾಗಿಸಿ ನೋಡುತ್ತಾಳೆ, ಯಾರೋ ನೋಡುತ್ತಿದ್ದಾರೆಂದು ಹೇಗೆ ತಿಳಿಯಿತೋ, ಆಯಿ ಬೆಳಕಿನ ಕಡೆಗೆ ಕೈ ಮುಗಿಯುತ್ತಾಳೆ. ಇದನ್ನು ಹೇಳಬೇಕಾದವರನ್ನು ಬಿಟ್ಟು ನನಗೆ ಹೇಳಿದೆ ನೀನು, ಎಂದಳು ಮಾರಿತ್, ಸಿಟ್ಟಿಲ್ಲ, ಸಕ್ಕರೆಯೂ ಇಲ್ಲ, ಅಲ್ಲಿಯವರು ಹಾಗೆಯೇ, ಆಮೇಲೆ, ಪಾಸಾಗಿದ್ದೀಯ, ಬಹಳ ಚೆನ್ನಾಗಿ ಮಾತಾಡಿದೆ.

ಪಾಸಾತು, ಅಪ್ಪನಿಗೆ ಕೂಗಿ ಹೇಳುತ್ತಾಳೆ, ನಗುತ್ತ ಮಗ್ಗದ ಕೋಣೆಗೆ ಹೊರಟ ಅಪ್ಪನನ್ನು ಆಯಿ ತಡೆಯುತ್ತಾಳೆ, ತಡಿಯಪಾ, ಪೂಜಿ ಆಗಲಿ, ಈಗ ಹೆಂಗೂ ನಿಂತಾವು. ವಿಭೂತಿ, ತಂಬಿಗೆ, ಎರಡು ಮಣೆ, ಎದುರುಬದುರು. ಏನ ಹೇಳಿದೆವಾ ಅಷ್ಟೊತ್ತು ಆಕಿಗೆ. ಪೂಜಿ ಬಗ್ಗೆ ಆಯಿ. ನನಗೂ ಹಂಗ ಅನಸ್ತು, ನಿನ್ನ ದನಿ ಒಮ್ಮಿಗೆ ಇಳೀತು ನೋಡು, ರೊಟ್ಟಿ ಬಡ್ಯೂ ಮಾತಿಗೆ ದನಿ ಹಂಗ ಇಳ್ಯಾಂಗಿಲ್ಲ, ದೇವರ ಮುಂದ ನಿಂತಾಗ ಇಳೀತೈತಿ — ಅವಳು ಕರಡಿಗೆ ಬಿಚ್ಚುತ್ತಾಳೆ, ಎಡ ಅಂಗೈ, ಅಡಿಕೆ, ಬಲಗೈಯಲ್ಲಿ ತಂಬಿಗೆ ಎತ್ತುತ್ತಾಳೆ, ಆಯಿಯ ಬೊಗಸೆ ದಿನದಂತೆ ತೀರ್ಥಕ್ಕೆ ಚಾಚಲಿಲ್ಲ, ಒಂದು ಕೈ ಅವಳ ಅಂಗೈಯ ಕೆಳಗೆ ಬಂತು, ಬಿಸಿ, ಒರಟು, ಇನ್ನೊಂದರ ಹೆಬ್ಬೆರಳು ಮೇಲೆ ಬಂತು, ಹುಡುಕಿತು, ಅಡಿಕೆಯ ಮೈಮೇಲಿನ ಗೆರೆಗಳ ಮೇಲೆ ಹರಿದು ತಳದ ಚಪ್ಪಟೆ ಕಲೆಯ ಹತ್ತಿರ ನಿಂತಿತು, ಹುಟ್ಟಿದಂದಿನಿಂದ ಲಿಂಗ ಸವರಿದ ಬೆರಳು, ಅದಕ್ಕೆ ಕಣ್ಣು ಬೇಕೇ, ತಿಳಿಯಿತು, ಆಯಿಗೆ ತಿಳಿಯಿತು, ಮುಖದಲ್ಲಿ ಏನೂ ಆಗಲಿಲ್ಲ, ಕೈ ಕೊಡವಲಿಲ್ಲ, ಆಕಿಗೆ ಹೇಳಿದ್ದು ನನಗೂ ಹೇಳು ಯವ್ವಾ, ಅಂದಳು ಆಯಿ, ನಮ್ಮ ಮಾತಿನಾಗ ಹೇಳು — ಆಯಿ, ಹೀಟರು, ಅಲ್ಲ, ಆಯಿ, ನಾ, ಒಂದು ಶಬ್ದ ಎತ್ತಲು ಹೋದರೆ ಅದರ ಹಿಂದೆ ಮನೆಯೇ ಎದ್ದು ಬರುತ್ತಿದೆ, ಆಯಿ, ಇದು, ಮತ್ತು ಹೆಬ್ಬೆರಳು ಅಲ್ಲೇ ಇದೆ, ಎತ್ತುತ್ತಿಲ್ಲ, ಕಾಯುತ್ತಿದೆ, ಅಡಿಕೆಯ ಮೇಲೆ ಹೆಬ್ಬೆರಳು, ಅಡಿಕೆಯ ಮೇಲೆ —