ಮೀನಿಗೆ ಉಪ್ಪು

ಕಾಲುವೆ ನೀರು ನಿಂತು ನಿಂತು ಶ್ರೀರಾಮನಗರದ ಪಕ್ಕದ ನಮ್ಮ ಗದ್ದೆ ಸವಳಾಗಿತ್ತು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕಾಣುತ್ತಿತ್ತು. ಒಳ್ಳೆಯ ಗೊಬ್ಬರ ಬಿದ್ದರೆ ಚೇತರಿಸಿಕೊಂಡೀತೆಂಬುದು ನನ್ನ ಕೊನೆಯ ಆಸೆ. ಮೀನಿನ ಹೊಂಡದವರು ಎಸೆಯುವ ಸತ್ತ ಮೀನು, ತಳದ ಕೆಸರು ತಂದು ಭತ್ತದ ಹೊಟ್ಟಿನೊಂದಿಗೆ ಗುಂಡಿಯಲ್ಲಿ ಕೊಳೆಯಲು ಹಾಕಿದೆ. ವಾಸನೆಗೆ ಊರೆಲ್ಲ ಬೈದರೂ ಜಗ್ಗಲಿಲ್ಲ. ಗುಂಡಿ ಮುಚ್ಚುವ ಕೆಲಸ ಅತ್ತೆ ಮುದುಕಮ್ಮನದು.

ಮಳೆಗಾಲದಲ್ಲಿ ಆ ಗೊಬ್ಬರ ಹರಡಿ ನಾಟಿ ಮಾಡಿದೆವು. ಇದ್ದಬದ್ದ ಸಸಿಯೆಲ್ಲ ತುದಿಯಿಂದ ಸುಟ್ಟುಹೋಯಿತು. ಗುಂಡಿಯ ಹತ್ತಿರ ಹೋಗಿ ನೋಡಿದರೆ, ಬೇಲಿಯ ಮರೆಯಲ್ಲಿ ಹರಳುಪ್ಪಿನ ಖಾಲಿ ಚೀಲಗಳು.

“ಅತ್ತಿ, ಇದೇನ್ರಿ?”

“ಸತ್ತದ್ದನ್ನ ಮಣ್ಣಾಗ ಇಡುಮುಂದ ಉಪ್ಪು ಹಾಕೂದಿಲ್ಲೇನವಾ? ನಿಮ್ಮ ಮಾವಗೂ ಹಾಕಿದ್ವಲ್ಲ. ಮೀನಾದ್ರೇನು, ಜೀವ ಅಲ್ಲೇನು?”

ಬಾಯಿಗೆ ಬಂದಂತೆ ಬೈದೆ. ಅವರು ಗದ್ದೆಯ ಕಡೆ ನೋಡಿ ಕೇಳಿದರು: “ಹಂಗಾದ್ರ ಗದ್ದಿ ಸತ್ತೈತೇನು?”

“ಸತ್ತೈತ್ರಿ.”

ಅವರು ಮನೆಯೊಳಗೆ ಹೋಗಿ ಉಡಿಯಲ್ಲಿ ಉಪ್ಪು ತಂದರು. ಬದುವಿನ ಮೇಲೆ ನಿಂತು ಗದ್ದೆಗೆ ಒಂದೊಂದೇ ಹಿಡಿ ಎರಚಿದರು. ನಾನು ತಡೆಯಲಿಲ್ಲ.