ಗಡಿಗೆಯೊಳಗಿನ ಹತ್ತು ಹುಳು

ಹುಳುವಿನ ಮೂತಿಯೇ ಕೆಲಸ ಕೆಡಿಸಿತು.

ಬೈಲಹೊಂಗಲದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಉಮಾಶ್ರೀಗೆ ಗಂಡನ ಊರು ಕಟಕೋಳ. ಅಲ್ಲಿಯ ಕೆರೆಯಲ್ಲಿ ನೀರೇ ಕಾಣದಂತೆ ಅಂತರಗಂಗೆ ಹಬ್ಬಿತ್ತು. ಆ ಕಳೆಯನ್ನು ತಿನ್ನುವ ಹುಳುಗಳನ್ನು ಬೆಂಗಳೂರಿನಿಂದ ತರಿಸಿ, ಸಿಮೆಂಟ್ ತೊಟ್ಟಿಯಲ್ಲಿ ವರ್ಷವಿಡೀ ಸಾಕಿದ್ದಳು. 1998ರ ಬೇಸಿಗೆಯಲ್ಲಿ ಊರ ಕಟ್ಟೆಯ ಮೇಲೆ ಡಬ್ಬಿ ತೆರೆದಾಗ ನೆರೆಮನೆಯ ಕಾಡವ್ವ ಬಗ್ಗಿ ನೋಡಿದಳು. ಹುಳುವಿಗೆ ಮುಂದಕ್ಕೆ ಚಾಚಿದ ಸಣ್ಣ ಸೊಂಡಿಲು.

"ಅಯ್ಯ ನಮ್ಮವ್ವಾ, ಇದು ಜೋಳಕ್ಕ ಹತ್ತೋ ನುಸಿ! ನಮ್ಮ ಮನ್ಯಾಗ ಇದ್ದದ್ದು ಸಾಲದಂತ ಬಸ್ಸಿನ್ಯಾಗ ತಿಕೀಟು ತಗಿಸಿ ಕರ್ಕೊಂಡು ಬಂದಾರ ನೋಡ್ರಿ!"

"ನುಸಿಗೆ ದೂರದ ಬಳಗ, ಕಾಡವ್ವ. ಇದು ಅಂತರಗಂಗಿ ಬಿಟ್ಟು ಬ್ಯಾರೆ ಏನೂ ತಿನ್ನೂದಿಲ್ಲ."

"ಬಳಗದವರು ಉಣ್ಣೂ ಹೊತ್ತಿಗೇ ಬರತಾರ್ರಿ ಅಕ್ಕೋರ."

ಕಟ್ಟೆಯೆಲ್ಲ ನಕ್ಕಿತು. ಕೆರೆಯ ವಿಷಯದಲ್ಲಿ ಕೊನೆಯ ಮಾತು ಹೇಳುತ್ತಿದ್ದ ನಿಜಗುಣಪ್ಪ ಗೌಡರೂ ನಕ್ಕರು. ಅವರು ಉಮಾಶ್ರೀಯ ಮಾವ. ಮದುವೆ ರೊಟ್ಟಿಗೆ ಊರೆಲ್ಲ ಜೋಳ ಒಯ್ಯುತ್ತಿದ್ದುದು ಅವರ ಮನೆಯಿಂದ. ನೆಲದೊಳಗೆ ಜೋಳ ತುಂಬಿಡುವ ತಮ್ಮ ಹಗೇವಿನ ಹಾದಿ ನುಸಿಗೆ ತಿಳಿಯದು ಎಂಬುದು ಅವರ ಮೀಸೆಯಷ್ಟೇ ಹಳೆಯ ಮಾತು.

"ಪರೀಕ್ಷಾ ಆಗಲಿ," ಎಂದರು. "ಒಂದು ಗಡಗಿ, ಎರಡು ಸೇರು ನನ್ನ ಜೋಳ, ಹತ್ತು ಹುಳ. ಹದಿನೈದು ದಿನ ಕಾಡವ್ವನ ಅಟ್ಟದ ಮ್ಯಾಲ. ಒಂದು ಕಾಳಿಗೆ ತೂತು ಬಿದ್ದರೂ ಹುಳ ಕೆರಿಗೆ ಇಳಿಯಂಗಿಲ್ಲ. ಸೊಸಿ ಅಂತ ರಿಯಾಯಿತಿ ಇಲ್ಲ."

"ಇನ್ನೊಂದು ಗಡಗಿ ಇರ್ಲಿರಿ ಮಾವಾರ. ಹುಳ ಹಾಕದ, ಬರೇ ಜೋಳ."

"ಅಂದ್ರ ನನ್ನ ಜೋಳಕ್ಕೂ ಪರೀಕ್ಷಾ?"

ಅವಳು ಒಂದೇ ಗಡಿಗೆಗೆ ಹತ್ತು ಹುಳು ಎಣಿಸಿ ಹಾಕಿದಳು.

ಹದಿನೈದನೆಯ ದಿನ ಕಟ್ಟೆಯ ಮೇಲೆ, ಗಡಿಗೆಗೆ ಬಿಗಿದು ಕಟ್ಟಿದ್ದ ಬಟ್ಟೆ ಬಿಚ್ಚಿದರೆ ಒಳಗೆ ಹಿಟ್ಟು. ಹಿಟ್ಟಿನಿಂದ ಹುಳು ಹರಿದಾಡಿಕೊಂಡು ಹೊರಬಂದವು. "ನಾ ಹೇಳಿದ್ನಿಲ್ಲ!" ಎಂದು ಕಾಡವ್ವ ಕೂಗಿದಳು.

ಉಮಾಶ್ರೀ ಜೋಳವನ್ನು ಮೊರಕ್ಕೆ ಸುರಿದಳು. ಓಡಾಡುತ್ತಿದ್ದವು ಎಳ್ಳಿಗಿಂತ ಸಣ್ಣವು, ಕಂದು ಬಣ್ಣದವು. ಅವಳ ಹುಳುಗಳು ಅದಕ್ಕಿಂತ ದಪ್ಪ, ಬೂದು ಬಣ್ಣದವು. ಕಾಲು ಮಡಚಿಕೊಂಡು ಸತ್ತು ಬಿದ್ದಿದ್ದವು. ನುಸಿ ಕಾಳಿನೊಳಗೇ ಮೊಟ್ಟೆಯಿಟ್ಟು ತೂತಿನ ಬಾಯಿ ಮುಚ್ಚುತ್ತದೆ. ಹೊರಗೆ ಕಾಳು ಮುತ್ತಿನಂತೆಯೇ ಕಾಣುತ್ತದೆ. ಇವು ಹಗೇವಿನಿಂದಲೇ ಬಂದವು. ಹೇಳಿದರೆ ಮಾವನ ಮೀಸೆ ಮಣ್ಣಾಗುತ್ತದೆ, ಹೇಳದಿದ್ದರೆ ಕೆರೆ ಕೈತಪ್ಪುತ್ತದೆ. ಮಾವನೂ ಮೊರವನ್ನೇ ನೋಡುತ್ತಿದ್ದರು. ಐವತ್ತು ವರ್ಷ ಜೋಳ ಕಂಡವರಿಗೆ ನುಸಿಯ ಗುರುತು ಹತ್ತದೇ? ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು.

"ಮಾವಾರು ಭಾಳ ಶಾಣ್ಯಾರು," ಎಂದಳು ಜೋರಾಗಿ. "ಬೇಕಂತನ ನುಸಿ ಹತ್ತಿದ ಜೋಳ ಕೊಟ್ಟಾರ. ಒಂದ ಪಂಕ್ತಿಯೊಳಗ ಎರಡೂ ಕುಂಡ್ರಿಸ್ಯಾರ. ನುಸಿ ಉಂಡು ಮಕ್ಕಳು-ಮರಿ ಮಾಡೇತಿ. ನನ್ನ ಹುಳ ಜೋಳದ ನಡುವ ಕುಂತು ಉಪವಾಸ ಸತ್ತಾವ. ಎಣಿಸು ಕಾಡವ್ವ."

ಕಾಡವ್ವ ಬೆರಳ ತುದಿಯಿಂದ ಆರಿಸಿದಳು. ಹತ್ತು.

"ಹೌದೇನ್ರಿ ಗೌಡ್ರ? ಬೇಕಂತನ ಹಾಕಿದ್ರಿ?"

ನಿಜಗುಣಪ್ಪ ಕೆಮ್ಮಿದರು. "ಮತ್ತ? ಪರೀಕ್ಷಾ ಅಂದ್ರ ಹುಡುಗಾಟಿಕಿ ಅಲ್ಲ."

"ನಿಮ್ಮ ಹಗೇವಿನ್ಯಾಗ ನುಸಿ ಇಲ್ಲಲ್ಲ. ಎಲ್ಲಿಂದ ತಂದ್ರಿ?"

"ನಿನ್ನ ಮನ್ಯಾಗ ಐತಿ ಅಂತ ನೀನ ಅಂದಿದ್ದೆಲ್ಲ!"

ಈ ಸಲ ಕಟ್ಟೆ ಕಾಡವ್ವನನ್ನು ನೋಡಿ ನಕ್ಕಿತು.

ಸಂಜೆ ಮಾವ-ಸೊಸೆ ಡಬ್ಬಿ ಹಿಡಿದು ಕೆರೆಗೆ ಇಳಿದರು.

"ನಾಳೆ ಊರು ಏಳೂಕಿಂತ ಮುಂಚೆ ಹಗೇವು ತಗಸಬೇಕು," ಎಂದರು ನಿಜಗುಣಪ್ಪ, ಮೆಲ್ಲಗೆ.

"ಜೋಳ ಹಿತ್ತಲದಾಗ ಬಿಸಲಿಗೆ ಹಾಕೂಣ್ರಿ ಮಾವಾರ."

"ಆ ಎರಡನೇ ಗಡಗಿ... ಅವತ್ತ ಇಟ್ಟಿದ್ರ ಏನಾಗತಿತ್ತು?"

"ಅದರಾಗೂ ನುಸಿ ಎದ್ದದ್ದು ಊರೆಲ್ಲ ನೋಡತಿತ್ತರಿ."

"ಹಂಗಾರ ನಾ ಬ್ಯಾಡ ಅಂದದ್ದ ಚಲೋ ಆತು," ಎಂದು ಮೀಸೆ ತೀಡಿ, ಡಬ್ಬಿಯನ್ನು ಎಲೆಗಳ ಮೇಲೆ ಕೊಡವಿದರು.

ಹುಳುಗಳು ಯಾರನ್ನೂ ಕೇಳದೆ ಊಟಕ್ಕೆ ಕುಳಿತವು.