ಮಧ್ಯಾಹ್ನದ ಓಟ

ಕೆಳಮನೆಯ ಟೈಲರ್ ಸುಳ್ಳು ಹೇಳುತ್ತಿದ್ದಾನೆ ಎಂದೇ ನಾನು ಮೊದಲು ತಿಳಿದಿದ್ದೆ.

“ಮಧ್ಯಾಹ್ನವಾದ್ರೆ ಸಾಕು, ನಿಮ್ಮ ನಾಯಿ ನನ್ನ ತಲೆ ಮೇಲೆ ಕುಸ್ತಿ ಆಡುತ್ತೆ. ಇನ್ನೊಂದ್ಸಲ ಸದ್ದಾಯ್ತೋ, ಓನರ್‌ಗೆ ಹೇಳಿ ಅದನ್ನ ಆಚೆ ಹಾಕಿಸ್ತೀನಿ” ಎಂದಿದ್ದ.

ಹಗಲು ನಾನೂ ಗಂಡನೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿರುವುದು ಗುಂಡ ಮತ್ತು ಅತ್ತೆ. ಗುಂಡ ಹೆಸರಿಗೆ ತಕ್ಕ ನಾಯಿ. ಬೊಜ್ಜಿನಿಂದ ಹಿಂಗಾಲು ಸೋಲುತ್ತಿವೆ, ದಿನಾ ಓಡಾಡಿಸಿ, ಆಟವಾಡಿಸಿ ಎಂದು ಡಾಕ್ಟರು ಹೇಳಿದ್ದರು. ಅತ್ತೆಗೆ ಮಂಡಿನೋವು, ಸಾಲದ್ದಕ್ಕೆ ಬಲ ಭುಜ ಹಿಡಿದುಕೊಂಡಿದೆ, ಕೈ ತಲೆಯವರೆಗೆ ಏಳುವುದಿಲ್ಲ. ಅವರ ತಲೆ ಬಾಚಿ ತುರುಬು ಕಟ್ಟಿಯೇ ನಾನು ಹೊರಡುವುದು.

“ಅವನಾ? ಸೋಫಾ ಕೆಳಗೆ ಬಿದ್ಕೊಂಡು ಗೊರಕೆ ಹೊಡೀತಾನೆ” ಎಂದರು ಅತ್ತೆ. “ಆ ಟೈಲರ್ ಕಿವಿಯೊಳಗೇ ಮಿಷಿನ್ ಓಡ್ತಿರ್ಬೇಕು.”

ಆದರೆ ಗುಂಡನ ಕೊರಳಪಟ್ಟಿ ಸಡಿಲವಾಗುತ್ತಿತ್ತು. ನನ್ನ ಬೆಳಗಿನ ಅವಸರದ ಸುತ್ತಾಟಕ್ಕೆ ಅಷ್ಟು ಬೊಜ್ಜು ಕರಗುವುದಿಲ್ಲ. ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಅನುಮಾನಪಡುವುದಕ್ಕೇ ನನಗೆ ಸಂಬಳ. ಕಾಯಿಲೆಯೇ? ಅಥವಾ ನಾವಿಲ್ಲದಾಗ ಯಾರಾದರೂ ಬಂದುಹೋಗುತ್ತಿದ್ದಾರೆಯೇ? ಒಂದು ಬೆಳಿಗ್ಗೆ ಅವನ ನೀಲಿ ಚೆಂಡಿಗೆ ನೀಲಿ ಸೀಮೆಸುಣ್ಣದ ಪುಡಿ ಸವರಿ ಹೋದೆ.

ಸಂಜೆ ಗುಂಡನ ಮೂತಿ ನೀಲಿಯಾಗಿತ್ತು. ಅದು ಆಗಲೇಬೇಕಾದದ್ದು. ಅತ್ತೆ ಟಿವಿ ನೋಡುತ್ತಿದ್ದರು. ಅವರ ಹಿಂದಿನಿಂದ ಹಾದುಹೋಗುತ್ತಿದ್ದವಳು ನಿಂತೆ. ಬಿಳಿ ತುರುಬಿನ ಮೇಲೆ ನೀಲಿ ಬೆರಳಚ್ಚು. ತುರುಬೂ ನಾನು ಕಟ್ಟಿದ್ದಲ್ಲ. ಇದು ಹೆಚ್ಚು ಬಿಗಿ, ಹೆಚ್ಚು ಅಚ್ಚುಕಟ್ಟು.

“ಅತ್ತೆ, ತುರುಬು ಯಾರು ಕಟ್ಟಿದ್ದು?”

“ನೀನೇ ಅಲ್ವೇನೇ, ಬೆಳಿಗ್ಗೆ?”

“ನನ್ನ ಬೆರಳು ನೀಲಿ ಇರ್ಲಿಲ್ಲ.”

ಅತ್ತೆ ಟಿವಿ ಆರಿಸಿದರು. “ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಕಣೇ ನೀನು. ಚೆಂಡು ಎಸೆದೂ ಎಸೆದೂ ಭುಜ ತಾನಾಗೇ ಬಿಟ್ಕೊಳ್ತು. ಗೊತ್ತಾದ್ರೆ ನಿನ್ನ ಭಾವ ನಾಳೆನೇ ಬಂದು ನನ್ನ ಕರ್ಕೊಂಡು ಹೋಗ್ತಾನೆ, ಅವನ ಅವಳಿ ಮಕ್ಕಳನ್ನ ನೋಡ್ಕೊಳ್ಳೋಕೆ. ಅವುಗಳ ಹಿಂದೆ ನಾನು ಓಡ್ಬೇಕು. ಇವನಾದ್ರೆ ತಾನೇ ಓಡ್ತಾನೆ.”

“ಮತ್ತೆ ಮಂಡಿನೋವು?”

“ಅದು ನಿಜ.”

ನಾನು ನಂಬಲಿಲ್ಲ. “ಒಳಗೆ ಆಡಿಸಿದ್ರೆ ಗುಂಡ ಮನೆ ಬಿಡ್ಬೇಕು. ನಿಲ್ಸಿದ್ರೆ ಅವನ ಕಾಲು ಹೋಗುತ್ತೆ. ಅಂಗಳದಲ್ಲಿ ಆಡ್ಸಿ.”

“ಅಲ್ಲಿ ಟೈಲರ್ ಹೆಂಡ್ತಿ ಇರ್ತಾಳಲ್ಲ! ನಿನ್ನ ಓರಗಿತ್ತಿ ಗೆಳತಿ. ಸಂಜೆಯೊಳಗೆ ಸುದ್ದಿ ಮುಟ್ಟುತ್ತೆ.”

ಮರುದಿನ ರಜೆ. ಕಿಟಕಿಯಲ್ಲಿ ನಿಂತು ನೋಡಿದೆ. ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನಾನು ನೋಡುತ್ತಿದ್ದೇನೆಂದೇ ಅಷ್ಟು ನಿಧಾನವೋ ಏನೋ. ಬಟ್ಟೆ ಒಣಹಾಕುತ್ತಿದ್ದ ಟೈಲರ್ ಹೆಂಡತಿ ತಿರುಗಿದಳು. ಅತ್ತೆ ಚೆಂಡನ್ನು ಎಡಗೈಗೆ ಬದಲಾಯಿಸಿ ಎಸೆದರು. ಅದು ಅವರ ಕಾಲಬುಡದಲ್ಲೇ ಬಿತ್ತು. ಗುಂಡ ಚೆಂಡನ್ನು ನೋಡಿದ, ಅವರ ಬಲಗೈ ನೋಡಿದ, ಆಮೇಲೆ ಕೂತುಬಿಟ್ಟ. ಇನ್ನೊಮ್ಮೆ ಎಸೆದರೂ ಕದಲಲಿಲ್ಲ.

ಅತ್ತೆ ನನ್ನ ಕಿಟಕಿಯತ್ತ ಕೆಂಗಣ್ಣು ಬಿಟ್ಟರು. ಮಂಡಿ ಹಿಡಿದುಕೊಂಡು ಬಗ್ಗಿ ಚೆಂಡನ್ನೆತ್ತಿ, ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಗೇಟಿನವರೆಗೂ ಬೀಸಿ ಎಸೆದರು.